ಮೂರು ವರ್ಷದ ವೀಸಾ, ಮೂವತ್ತು ವರ್ಷದ ಸಾಲ

ಹೋದ ತಿಂಗಳು ಒಂದು ಭಾನುವಾರ ನಾನು, ನನ್ನ ಹೆಂಡತಿ, ಐದು ವರ್ಷದ ಮಗಳು ಮೂರೂ ಜನ ಒಂದು ಮನೆ ನೋಡೋಕೆ ಹೋಗಿದ್ವಿ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಭಾನುವಾರ ಅಂದರೆ ನಮ್ಮವರಿಗೆ ಮೂರೇ ಕೆಲಸ. ಒಂದೋ ಬ್ರಿಡ್ಜ್‌ವಾಟರಿನ ವೆಂಕಟೇಶ್ವರನ ಗುಡಿ, ಇಲ್ಲಾ ಓಕ್ ಟ್ರೀ ರೋಡಿನಲ್ಲಿ ಮೆಂತ್ಯ ಸೊಪ್ಪು, ಇಲ್ಲಾ ಓಪನ್ ಹೌಸ್. ಓಪನ್ ಹೌಸ್ ಅಂದರೆ ಮಾರಾಟಕ್ಕಿಟ್ಟ ಮನೆಯ ಬಾಗಿಲು ತೆಗೆದಿಟ್ಟಿರುತ್ತಾರೆ, ಯಾರು ಬೇಕಾದರೂ ಒಳಗೆ ಹೋಗಿ ನೋಡಬಹುದು. ಬಿಸ್ಕತ್ತು ಕೂಡ ಇಟ್ಟಿರುತ್ತಾರೆ. ಮೊದಮೊದಲು ನಾವು ಟೈಂಪಾಸಿಗೆ, ಬಿಸ್ಕತ್ತಿಗೆ ಹೋಗುತ್ತಿದ್ದವರು. ಈ ಸಲ ಮಾತ್ರ ನಿಜವಾಗಲೂ ಕೊಳ್ಳುವ ಯೋಚನೆ ಇತ್ತು.

ಮೂರು ಬೆಡ್‌ರೂಮು, ಹಿಂದುಗಡೆ ಹುಲ್ಲಿನ ಅಂಗಳ, ಅಲ್ಲೊಂದು ಮೇಪಲ್ ಮರ. ನನ್ನ ಹೆಂಡತಿ ಸೀದಾ ಅಡುಗೆಮನೆಗೆ ಹೋಗಿ ಚಿಮಣಿ ಹೊಗೆಯನ್ನು ಹೊರಗೆ ಕಳಿಸತ್ತಾ ಇಲ್ಲ ಮನೆಯೊಳಗೇ ಸುತ್ತಿಸತ್ತಾ ಅಂತ ನೋಡಿದಳು. ದಿನಾ ಒಗ್ಗರಣೆ ಹಾಕುವವರಿಗೆ ಮಾತ್ರ ಈ ಪ್ರಶ್ನೆಯ ಮಹತ್ವ ಗೊತ್ತು. ಮಗಳು ಮೆಟ್ಟಿಲು ಹತ್ತಿ ಓಡಿ ಕಿಟಕಿಯ ಪಕ್ಕದ ಸಣ್ಣ ರೂಮಿನಲ್ಲಿ ನಿಂತು, "ಇದು ನಂದು" ಅಂತ ಕೂಗಿದಳು. ನಾನು ಗ್ಯಾರೇಜಿಗೆ ಹೋದೆ. ಅಲ್ಲಿ ಗೋಡೆಗೆ ತೂತುತೂತಿನ ಹಲಗೆ ಹೊಡೆದಿತ್ತು. ಅದರ ಮೇಲೆ ಸುತ್ತಿಗೆ, ಗರಗಸ, ಇಕ್ಕಳ, ಸ್ಪ್ಯಾನರು ಎಲ್ಲದರ ಆಕಾರವನ್ನೂ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದಿದ್ದರು, ಯಾವುದನ್ನು ಎಲ್ಲಿ ನೇತುಹಾಕಬೇಕು ಅಂತ. ಸಾಮಾನು ಒಂದೂ ಇರಲಿಲ್ಲ. ಬರೀ ಗೆರೆ.

"ಯಾಕೆ ಮಾರ್ತಿದ್ದಾರೆ?" ಅಂತ ಏಜೆಂಟನ್ನು ಕೇಳಿದೆ. ಆಕೆ ಗುಜರಾತಿ ಹೆಂಗಸು, ಬಂದು ಮೂವತ್ತು ವರ್ಷವಾಯಿತಂತೆ. "ಕೆಲಸ ಹೋಯಿತಂತೆ, ಸೌತ್ ಕಡೆ ಹೋಗ್ತಿದ್ದಾರೆ, ಅಲ್ಲಿ ಖರ್ಚು ಕಮ್ಮಿ" ಅಂದಳು. ಆಮೇಲೆ ನನ್ನ ಮುಖ ನೋಡಿ, ಈ ಮಾತಿನಿಂದ ವ್ಯಾಪಾರ ಕೆಟ್ಟೀತು ಅನ್ನಿಸಿತೋ ಏನೋ, ನಗುತ್ತಾ ಸೇರಿಸಿದಳು: "ನೋಡಿ, ಇದೇ ಅಮೇರಿಕನ್ ಡ್ರೀಮ್. ಈಗ ನಿಮ್ಮ ಸರದಿ."

ರಾತ್ರಿ ಎಕ್ಸೆಲ್ ತೆಗೆದು ಕೂತೆ. ಮನೆಯ ಬೆಲೆ ನಾಲ್ಕೂವರೆ ಲಕ್ಷ ಡಾಲರ್. ಶೇಕಡಾ 20 ಕೈಯಿಂದ ಹಾಕಬೇಕು, ಅಂದರೆ 90,000. ಏಳು ವರ್ಷ ಕೂಡಿಟ್ಟಿದ್ದು ಹೆಚ್ಚುಕಮ್ಮಿ ಅಷ್ಟೇ ಇದೆ. ಉಳಿದಿದ್ದು ಸಾಲ, ಮೂವತ್ತು ವರ್ಷ. ಶೇಕಡಾ 4ರ ಬಡ್ಡಿಯಲ್ಲಿ ಕಂತು ತಿಂಗಳಿಗೆ ಸುಮಾರು 1,720 ಡಾಲರ್, ಅದರ ಮೇಲೆ ನ್ಯೂಜೆರ್ಸಿಯ ಮನೆ ಕಂದಾಯ. ಇಡೀ ದೇಶದಲ್ಲೇ ಅತಿ ಹೆಚ್ಚು ಮನೆ ಕಂದಾಯ ಇರುವ ರಾಜ್ಯಗಳಲ್ಲಿ ಇದೂ ಒಂದು. ಇಷ್ಟು ಟೈಪ್ ಮಾಡಿ ಪಕ್ಕದ ಕಾಲಮ್ಮಿನಲ್ಲಿ ಇನ್ನೊಂದು ಸಂಖ್ಯೆ ಬರೆದೆ. ನನ್ನ ಎಚ್-1ಬಿ ಮುಗಿಯುವುದು 2021ರಲ್ಲಿ. ಮೂರು ಮೂರು ವರ್ಷಕ್ಕೊಮ್ಮೆ ನವೀಕರಣ. ನಡುವೆ ಕೆಲಸ ಹೋದರೆ ಇನ್ನೊಂದು ಕೆಲಸ ಹುಡುಕಿಕೊಳ್ಳೋಕೆ, ಇಲ್ಲಾ ಗಂಟುಮೂಟೆ ಕಟ್ಟೋಕೆ 60 ದಿನ. ಸಾಲದ ಮೂವತ್ತು ವರ್ಷ, ವೀಸಾದ ಮೂರು ವರ್ಷ, ಅರವತ್ತು ದಿನದ ಗಡುವು. ಮೂರನ್ನೂ ಒಂದೇ ಶೀಟಿನಲ್ಲಿ ನೋಡಿದಾಗ ಎಂಥಾ ಬಿ.ಇ. ಓದಿದವನಿಗೂ ಲೆಕ್ಕ ತಪ್ಪುತ್ತೆ ಬಿಡಿ.

ನಮ್ಮೂರು ತಿಪಟೂರಿನಿಂದ ಹದಿನೆಂಟು ಕಿಲೋಮೀಟರ್. ತೆಂಗಿನ ತೋಟ ಬಿಟ್ಟರೆ ಬೇರೆ ಆಧಾರ ಇಲ್ಲ. ನಮ್ಮಪ್ಪನಿಗೆ ಜೀವನದಲ್ಲಿ ಒಂದೇ ಹೆದರಿಕೆ, ಸಾಲ. ನನ್ನ ಇಂಜಿನಿಯರಿಂಗ್ ಫೀಸಿಗೆ, ಹಾಸ್ಟೆಲ್ಲಿಗೆ ಅಂತ ಕೊಬ್ಬರಿ ಮಂಡಿಯವರ ಹತ್ತಿರ ಮುಂಗಡ ತೆಗೆದುಕೊಂಡಿದ್ದರು. ಅದು ತೀರುವ ತನಕ ಆ ಬೀದಿಯಲ್ಲಿ ತಲೆ ಎತ್ತಿ ನಡೆಯಲಿಲ್ಲ. ನನ್ನ ಮೊದಲ ವರ್ಷದ ಸಂಬಳದಲ್ಲಿ ಅದನ್ನು ಚುಕ್ತಾ ಮಾಡಿದ ದಿನ ಹೊಸ ಪಂಚೆ ಉಟ್ಟು ಮಂಡಿಗೆ ಹೋಗಿ ಬಂದರು.

ಅಂಥ ಮನೆಯಿಂದ ಬಂದವನಿಗೆ ಅಮೇರಿಕ ಕೊಟ್ಟ ಮೊದಲ ಪೆಟ್ಟು ಯಾವುದು ಗೊತ್ತಾ? 2012ರಲ್ಲಿ ಇಲ್ಲಿಗೆ ಬಂದು ಬ್ಯಾಂಕಿಗೆ ಹೋಗಿ ಕ್ರೆಡಿಟ್ ಕಾರ್ಡ್ ಕೇಳಿದೆ. "ನಿಮಗೆ ಕ್ರೆಡಿಟ್ ಹಿಸ್ಟರಿ ಇಲ್ಲ" ಅಂದರು. ನಾನು ಹೆಮ್ಮೆಯಿಂದ "ನನಗೆ ಒಂದು ಪೈಸೆ ಸಾಲ ಇಲ್ಲ" ಅಂದೆ. "ಅದೇ ಸಮಸ್ಯೆ" ಅಂದರು! ಇಲ್ಲಿ ಸಾಲ ಮಾಡದವನನ್ನು ಯಾರೂ ನಂಬಲ್ಲ. 500 ಡಾಲರ್ ನಾನೇ ಠೇವಣಿ ಇಟ್ಟು, ಅದೇ 500 ಡಾಲರಿನ ಮಿತಿಯ ಕಾರ್ಡು ಪಡೆದು, ನನ್ನ ದುಡ್ಡನ್ನೇ ನಾನು ಸಾಲವಾಗಿ ತೆಗೆದುಕೊಂಡು, ಅದನ್ನು ನಾನೇ ತೀರಿಸಿ ಒಳ್ಳೆಯವನು ಅನ್ನಿಸಿಕೊಳ್ಳಬೇಕಾಯಿತು. ಈಗ ನನ್ನ ಕ್ರೆಡಿಟ್ ಸ್ಕೋರು 790. ನಮ್ಮಪ್ಪನಿಗೆ ಇದನ್ನು ವಿವರಿಸಿದಾಗ, "ಅಂದ್ರೆ ಎಷ್ಟು ಸಾಲ ಹೊರಬೋದು ಅಂತ ನಂಬರ್ ಕೊಡ್ತಾರಾ?" ಅಂದರು. ಇದಕ್ಕಿಂತ ಚೆನ್ನಾಗಿ ನನಗೂ ಹೇಳೋಕೆ ಬರಲ್ಲ.

'ಅಮೇರಿಕನ್ ಡ್ರೀಮ್' ಅನ್ನುವ ಮಾತು ಅಂಥಾ ಹಳೆಯದೇನಲ್ಲ. ಜೇಮ್ಸ್ ಟ್ರಸ್ಲೋ ಆಡಮ್ಸ್ ಅನ್ನುವ ಇತಿಹಾಸಕಾರ 1931ರಲ್ಲಿ ಬರೆದ ಪುಸ್ತಕದಿಂದ ಅದು ಜನರ ಬಾಯಿಗೆ ಬಂತು. ತಮಾಷೆ ಅಂದರೆ ಅದು ಮಹಾ ಆರ್ಥಿಕ ಕುಸಿತದ ಕಾಲ, ಜನ ಗಂಜಿಗೆ ಸಾಲು ನಿಂತಿದ್ದರು. ಇನ್ನೂ ತಮಾಷೆ ಅಂದರೆ ಆತ ಹೇಳಿದ್ದು ಕಾರು, ದೊಡ್ಡ ಸಂಬಳದ ವಿಷಯ ಅಷ್ಟೇ ಅಲ್ಲ. ಯಾವ ಮನೆಯಲ್ಲಿ ಹುಟ್ಟಿದರೂ ತನ್ನ ಯೋಗ್ಯತೆ ಇದ್ದಷ್ಟು ಬೆಳೆಯೋಕೆ ಅವಕಾಶ ಇರುವ ಸಮಾಜದ ವಿಷಯ. ಮನೆ, ಕಾರು, ಹುಲ್ಲಿನ ಅಂಗಳ ಇವೆಲ್ಲ ಮುಖ್ಯವಾಗಿ ಎರಡನೇ ಮಹಾಯುದ್ಧದ ಆಮೇಲೆ ಬಂದು ಸೇರಿಕೊಂಡವು. ಯುದ್ಧದಿಂದ ವಾಪಸು ಬಂದ ಸೈನಿಕರಿಗೆ 1944ರ ಒಂದು ಕಾನೂನು ಓದೋಕೆ ಹಣ, ಮನೆಗೆ ಸುಲಭದ ಸಾಲ ಕೊಟ್ಟಿತು. 1947ರಲ್ಲಿ ನ್ಯೂಯಾರ್ಕಿನ ಪಕ್ಕ ಲೆವಿಟೌನ್ ಅನ್ನುವ ಕಡೆ ಕಾರ್ಖಾನೆಯಲ್ಲಿ ಕಾರು ಮಾಡಿದ ಹಾಗೆ ಸಾಲುಸಾಲು ಮನೆ ಕಟ್ಟಲು ಶುರು ಮಾಡಿದರು. ಅಲ್ಲಿ ಕರಿಯರಿಗೆ ಪ್ರವೇಶ ಇರಲಿಲ್ಲ. ಕಾಗದಪತ್ರದಲ್ಲೇ ಹಾಗೆ ಬರೆದಿದ್ದರು. ಆಮೇಲೆ ಪೆನ್ಸಿಲ್ವೇನಿಯಾದಲ್ಲೂ ಒಂದು ಲೆವಿಟೌನ್ ಆಯಿತು. 1957ರಲ್ಲಿ ಮೈಯರ್ಸ್ ಅನ್ನುವ ಕರಿಯ ದಂಪತಿ ಅಲ್ಲಿ ಮನೆ ಕೊಂಡಾಗ ಜನ ಗುಂಪು ಸೇರಿ ಕಲ್ಲು ಹೊಡೆದರು.

ನಮ್ಮವರದ್ದೇನು ಕಮ್ಮಿ ಕಥೆ ಅಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನುವ ಪಂಜಾಬಿಗೆ, ಮೊದಲನೇ ಮಹಾಯುದ್ಧದಲ್ಲಿ ಅಮೇರಿಕದ ಸೈನ್ಯದಲ್ಲಿದ್ದವನಿಗೆ, ನೀನು ಬಿಳಿಯನಲ್ಲ, ನಿನಗೆ ಪೌರತ್ವ ಇಲ್ಲ ಅಂತ ಇಲ್ಲಿನ ಸುಪ್ರೀಂ ಕೋರ್ಟು ಹೇಳಿತ್ತು. 1965ರಲ್ಲಿ ಕಾನೂನು ಬದಲಾದ ಮೇಲೆ ನಮ್ಮ ಡಾಕ್ಟರುಗಳು, ಇಂಜಿನಿಯರುಗಳು ಬರೋಕೆ ಶುರುವಾಗಿದ್ದು. ಅಂದರೆ ನಾವು ಹುಟ್ಟಿನಿಂದಲೇ ನಮ್ಮದು ಅಂದುಕೊಂಡಿರುವ ಈ ಕನಸಿನ ಬಾಗಿಲು ನಮಗೆ ತೆಗೆದಿದ್ದು 1965ರಲ್ಲಷ್ಟೇ. ಯಾರ ಕನಸು, ಯಾರನ್ನು ಹೊರಗಿಟ್ಟು ಅನ್ನುವ ಪ್ರಶ್ನೆ ಈ ಮಾತಿನ ಜತೆಗೇ ಬಂದಿದೆ.

ಆ ಪ್ರಶ್ನೆ ನನಗೆ ಪುಸ್ತಕದಲ್ಲಿ ಸಿಕ್ಕಿದ್ದಲ್ಲ. ನಾನು ಇಲ್ಲಿಗೆ ಬಂದಿದ್ದೇ ಕೆ.ಟಿ. ತೆಗೆದುಕೊಳ್ಳೋಕೆ. ನಿಮ್ಮಲ್ಲಿ ಅರ್ಧ ಜನಕ್ಕೆ ಇದು ಗೊತ್ತಿರತ್ತೆ. ಕೆ.ಟಿ. ಅಂದರೆ ನಾಲೆಜ್ ಟ್ರಾನ್ಸ್‌ಫರ್. ಒಂದು ಇನ್ಶೂರೆನ್ಸ್ ಕಂಪನಿಯ ಹಳೇ ಮೇನ್‌ಫ್ರೇಮ್ ಸಿಸ್ಟಂ. ಅದನ್ನು ಇಪ್ಪತ್ತೆರಡು ವರ್ಷ ನೋಡಿಕೊಂಡಿದ್ದ ಒಬ್ಬ ಬಿಳಿಯ, ವಯಸ್ಸು ಐವತ್ತಾರು. ಅವನು ಕಲಿಸಬೇಕು, ನಾನು ಕಲಿಯಬೇಕು, ಕಲಿತಾಯಿತು ಅಂತ ನಾನು ಸಹಿ ಹಾಕಿದ ದಿನ ಅವನ ಕೆಲಸ ಮುಗಿಯಬೇಕು. ಇದು ಇಬ್ಬರಿಗೂ ಗೊತ್ತಿತ್ತು. ಆರು ವಾರ ದಿನಾ ಒಂದೇ ಮೇಜಿನ ಎದುರುಬದುರು ಕೂತಿದ್ವಿ.

ಅವನು ಬೈಯಬಹುದಿತ್ತು. ಅರ್ಧ ಹೇಳಿ ಅರ್ಧ ನುಂಗಬಹುದಿತ್ತು. ನಾನಾಗಿದ್ದರೆ ಬಹುಶಃ ಹಾಗೇ ಮಾಡ್ತಿದ್ದೆ. ಅವನು ಮಾತ್ರ ಸೋಮವಾರ ಡೋನಟ್ ತರುತ್ತಿದ್ದ, ಕೋಬಾಲ್ ಪ್ರೋಗ್ರಾಮುಗಳನ್ನು ಒಂದೊಂದಾಗಿ ಬಿಡಿಸಿ ಹೇಳುತ್ತಿದ್ದ. ಕೊನೇ ವಾರ ಒಂದು ಹಳೇ ನೋಟ್‌ಬುಕ್ ಕೊಟ್ಟ. ರಾತ್ರಿ ಬ್ಯಾಚಿನಲ್ಲಿ ಯಾವ ಜಾಬ್ ಯಾವ ಕಾರಣಕ್ಕೆ ಬೀಳುತ್ತೆ, ಬಿದ್ದರೆ ಎಲ್ಲಿಂದ ಮತ್ತೆ ಶುರು ಮಾಡಬೇಕು ಅಂತ ಪೆನ್ಸಿಲಿನಲ್ಲಿ ಬರೆದಿದ್ದ. "ರಾತ್ರಿ ಎರಡು ಗಂಟೆಗೆ ಫೋನ್ ಬಂದಾಗ ಗಾಬರಿಯಾಗಬೇಡ, ಮೊದಲು ಇದನ್ನು ನೋಡು" ಅಂದ.

ಒಂದು ದಿನ ಊಟದ ಹೊತ್ತಿನಲ್ಲಿ ಅವನ ಅಪ್ಪನ ಕಥೆ ಹೇಳಿದ. ಪೆನ್ಸಿಲ್ವೇನಿಯಾದ ಬೆಥ್ಲೆಹೆಮ್ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ. ಓದಿದ್ದು ಹೈಸ್ಕೂಲು. ಒಬ್ಬನ ಸಂಬಳದಲ್ಲಿ ಸ್ವಂತ ಮನೆ, ಕಾರು, ಮೂರು ಮಕ್ಕಳು, ಬೇಸಿಗೆಯಲ್ಲಿ ಒಂದು ವಾರ ಕೆರೆ ದಂಡೆಯಲ್ಲಿ ರಜೆ, ಕೊನೆಗೆ ಪಿಂಚಣಿ. ಆ ಕಾರ್ಖಾನೆ 1995ರಲ್ಲಿ ಉಕ್ಕು ಮಾಡುವುದನ್ನು ನಿಲ್ಲಿಸಿತು. 2009ರಿಂದ ಅದೇ ಜಾಗದಲ್ಲಿ ಕ್ಯಾಸಿನೋ ಇದೆ. "ನಮ್ಮಪ್ಪ ಬೆವರು ಸುರಿಸಿದ ಕಡೆ ಈಗ ಮುದುಕರು ಸ್ಲಾಟ್ ಮೆಷೀನಿಗೆ ಪಿಂಚಣಿ ಹಾಕ್ತಾರೆ" ಅಂತ ನಕ್ಕ. ಅವನ ಮಗ ಡಿಗ್ರಿ ಮುಗಿಸಿ ಓದಿನ ಸಾಲ ಹೊತ್ತುಕೊಂಡು ಅಪ್ಪನ ಮನೆಯ ಬೇಸ್‌ಮೆಂಟಿನಲ್ಲೇ ಇದ್ದ. ನಮ್ಮಲ್ಲಿ ಮಗ ಅಪ್ಪನ ಜತೆ ಇದ್ದರೆ ಪುಣ್ಯವಂತ ಅಂತೀವಿ, ಇಲ್ಲಿ ಅದು ಸೋಲಿನ ಗುರುತು.

"ನಿಮ್ಮಪ್ಪ ಏನು ಮಾಡ್ತಾರೆ?" ಅಂತ ಕೇಳಿದ.

"ತೆಂಗಿನ ತೋಟ ಇದೆ."

"ತೋಟ ಈಗಲೂ ಅವರದೇನಾ?"

"ಹೌದು."

"ಹಾಗಾದ್ರೆ ಅವರು ಗೆದ್ದರು" ಅಂದ.

ಆವತ್ತು ರಾತ್ರಿ ಅದನ್ನು ಯಾರಿಗೂ ಹೇಳಲಿಲ್ಲ. ಕೆ.ಟಿ. ಸಹಿ ಆದ ಶುಕ್ರವಾರ ಟೀಮಿನವರೆಲ್ಲ ಪಾರ್ಟಿ ಮಾಡಿದ್ವಿ, ನಾನೂ ಹೋಗಿದ್ದೆ, ಚೆನ್ನಾಗಿ ತಿಂದೆ. ಇದನ್ನು ಮುಚ್ಚಿಟ್ಟು ಬರೆದರೆ ಈ ಬರಹಕ್ಕೆ ಅರ್ಥ ಇಲ್ಲ. ಅವನ ಸಂಬಳದ ಒಂದು ಭಾಗ ನನ್ನ ಸಂಬಳವಾಯಿತು, ಇನ್ನೊಂದು ಭಾಗ ಕಂಪನಿಯ ಲಾಭವಾಯಿತು. ನಾನು ಕದ್ದಿಲ್ಲ, ಕೊಟ್ಟ ಕೆಲಸ ಮಾಡಿದೆ. ಆದರೂ ಆ ಗ್ಯಾರೇಜಿನ ಬೋಳು ಹಲಗೆ ನೋಡಿದಾಗ ನೆನಪಾಗಿದ್ದು ಅವನೇ.

ಅಮೇರಿಕನ್ ಡ್ರೀಮ್ ವಿಷಯದಲ್ಲಿ ನನಗೆ ಇನ್ನೊಬ್ಬ ಗುರು ಇದ್ದಾನೆ. ನಾವು ಶನಿವಾರ ಹೋಗುವ ದೋಸೆ ಹೋಟೆಲಿನಲ್ಲಿ ಹೆಂಚಿನ ಮುಂದೆ ನಿಲ್ಲುವವನು. ಉಡುಪಿಯವನಲ್ಲ, ಮೆಕ್ಸಿಕೋದ ಪುಯೆಬ್ಲಾದವನು. ಹೆಂಚಿನ ಮೇಲೆ ನೀರು ಚಿಮುಕಿಸಿ, ಹಿಟ್ಟು ಹೊಯ್ದು ತಿರುಗಿಸುವ ಕೈಯ ಹದ ನೋಡಿದರೆ ಯಾವ ಭಟ್ಟರೂ ತಲೆದೂಗಬೇಕು. "ಮಸಾಲಾ, ಸಾದಾ, ರವಾ" ಅಂತ ಕೂಗುತ್ತಾನೆ. ಬಂದು ಹದಿನಾಲ್ಕು ವರ್ಷವಾಯಿತು. ಕಾಗದಪತ್ರ ಇಲ್ಲ.

ಒಂದು ದಿನ ಜನ ಕಮ್ಮಿ ಇದ್ದಾಗ ಫೋನು ತೆಗೆದು ಒಂದು ಮನೆಯ ಫೋಟೋ ತೋರಿಸಿದ. ಎರಡಂತಸ್ತು, ಗುಲಾಬಿ ಬಣ್ಣ, ಮುಂದೆ ಕಬ್ಬಿಣದ ಗೇಟು. ಅವನ ಊರಿನಲ್ಲಿ ಅವನೇ ಕಟ್ಟಿಸಿದ್ದು. ಪಾಯ ಹಾಕಿದ್ದು ಒಂದು ವರ್ಷದ ದೋಸೆ, ತಾರಸಿ ಹಾಕಿದ್ದು ಇನ್ನೆರಡು ವರ್ಷದ ದೋಸೆ. ಅವನ ತಾಯಿ ಕೆಳಗಿದ್ದಾರೆ, ಮಹಡಿ ಖಾಲಿ, ಅದು ಇವನಿಗೆ. ಆದರೆ ಇವನು ಆ ಮನೆಯನ್ನು ಕಣ್ಣಾರೆ ನೋಡಿಲ್ಲ. ಹೋದರೆ ವಾಪಸು ಬರೋಕಾಗಲ್ಲ, ಬಾರದಿದ್ದರೆ ದುಡ್ಡು ಕಳಿಸೋರಿಲ್ಲ. ತಂಗಿ ವಾಟ್ಸಾಪಿನಲ್ಲಿ ವಿಡಿಯೋ ಹಿಡಿದು ಒಂದೊಂದೇ ರೂಮು ತೋರಿಸುತ್ತಾಳಂತೆ.

ನನಗೆ ನಗೋಕಾಗಲಿಲ್ಲ. ನಾನು ಊರಿಗೆ ಹೋಗಿ ಮೂರು ವರ್ಷವಾಗಿದೆ. ನನಗೆ ಕಾಗದಪತ್ರ ಇದೆ, ಸಂಬಳ ಇದೆ, ಅವನ ಕಷ್ಟಕ್ಕೂ ನನ್ನದಕ್ಕೂ ಹೋಲಿಕೆ ಮಾಡಿದರೆ ದೇವರು ಮೆಚ್ಚಲ್ಲ. ಆದರೂ ಪಾಸ್‌ಪೋರ್ಟಿನಲ್ಲಿ ವೀಸಾ ಮುದ್ರೆ ಹಳೆಯದಾಗಿದೆ. ಊರಿಗೆ ಹೋದರೆ ಚೆನ್ನೈ ಕಾನ್ಸುಲೇಟಿನಲ್ಲಿ ಹೊಸದು ಹಾಕಿಸಬೇಕು, ಅಲ್ಲಿ ಇನ್ನಷ್ಟು ದಾಖಲೆ ಕೊಡಿ ಅಂತ ಬಣ್ಣದ ಚೀಟಿ ಕೊಟ್ಟು ತಿಂಗಳುಗಟ್ಟಲೆ ಕೂರಿಸಿದರೆ ಇಲ್ಲಿ ಕೆಲಸ ಏನಾಗುತ್ತೋ ಅನ್ನುವ ಭಯ. ಹೋದ ವರ್ಷ ಚಿಕ್ಕಪ್ಪನ ಮಗಳ ಮದುವೆ ನಾನು ನೋಡಿದ್ದೂ ವಾಟ್ಸಾಪಿನಲ್ಲೇ.

ಈ ಭಯಕ್ಕೆ ಕಾರಣ ಹಸಿರು ಕಾರ್ಡಿನ ಸರತಿ. ಎಲೆಕ್ಟ್ರಾನಿಕ್ ಸಿಟಿಯ ಕ್ಯಾಬಿನಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಸ್ವಲ್ಪ ಹೇಳಿಬಿಡ್ತೀನಿ, ಯಾಕಂದರೆ ಬರುವ ಮುಂಚೆ ನನಗೆ ಯಾರೂ ಹೇಳಿರಲಿಲ್ಲ. ಕೆಲಸದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್ ಕೊಡುತ್ತಾರೆ. ಹೆಂಡತಿ ಮಕ್ಕಳೂ ಅದರೊಳಗೇ ಲೆಕ್ಕ. ಒಂದೊಂದು ದೇಶಕ್ಕೆ ಶೇಕಡಾ 7ರ ಮಿತಿ. ಐಸ್‌ಲ್ಯಾಂಡಿಗೂ ಅಷ್ಟೇ, ಇಂಡಿಯಾಕ್ಕೂ ಅಷ್ಟೇ. ನಾವು ಲಕ್ಷಾಂತರ ಜನ ನಿಂತಿದ್ದೀವಿ. ಇ.ಬಿ.-2 ಅನ್ನುವ ಸಾಲಿನಲ್ಲಿ ಇಂಡಿಯಾದವರು ಎಷ್ಟು ಕಾಯಬೇಕು ಅಂತ 2018ರಲ್ಲಿ ಇಲ್ಲಿನ ಒಂದು ಸಂಶೋಧನಾ ಸಂಸ್ಥೆ ಲೆಕ್ಕ ಹಾಕಿ ಸುಮಾರು 150 ವರ್ಷ ಅಂದಿತು. ನಾನಿರುವುದು ಅದೇ ಸಾಲಿನಲ್ಲಿ.

ಅಮ್ಮನಿಗೆ ಹೇಳಿದೆ. ನಮ್ಮ ಕಡೆ ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹೆಚ್ಚುಕಮ್ಮಿ ಒಂದು ವರ್ಷ ಬಿಡಬೇಕು. ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅನ್ನಬೇಕು. ಅಮ್ಮ ಕೇಳಿ, "ಇದ್ಯಾವ ಅಟ್ಟನಪ್ಪ ನೂರೈವತ್ತು ವರ್ಸದ್ದು! ಕಾಯಿ ಇರ್ತದಾ ಅಷ್ಟೊತ್ಗೆ?" ಅಂದಳು.

ಇದರ ಬಿಸಿ ನಿಜವಾಗಿ ತಟ್ಟಿರುವುದು ನನ್ನ ಗೆಳೆಯನಿಗೆ. ದಾವಣಗೆರೆ ಕಡೆಯವನು, ನನಗಿಂತ ಹತ್ತು ವರ್ಷ ದೊಡ್ಡವನು. ಮಗನಿಗೆ ಎರಡು ವರ್ಷವಿದ್ದಾಗ ಬಂದಿದ್ದು. ಈಗ ಮಗನಿಗೆ ಹತ್ತೊಂಬತ್ತು. ಇಪ್ಪತ್ತೊಂದು ತುಂಬಿದ ದಿನ ಅಪ್ಪನ ವೀಸಾದ ನೆರಳಿನಿಂದ ಅವನು ಹೊರಗೆ. ಆಮೇಲೆ ವಿದೇಶಿ ವಿದ್ಯಾರ್ಥಿಯಾಗಿ ಬೇರೆ ವೀಸಾ ಹಿಡಿಯಬೇಕು, ಇಲ್ಲಾ ತನಗೆ ನೆನಪೇ ಇಲ್ಲದ ದೇಶಕ್ಕೆ 'ವಾಪಸು' ಹೋಗಬೇಕು. ಬೇಸ್‌ಬಾಲ್ ಆಡುವ, ಕನ್ನಡವನ್ನು ಇಂಗ್ಲಿಷಿನ ರಾಗದಲ್ಲಿ ಮಾತಾಡುವ ಹುಡುಗ. ಅವನ ತಂಗಿ ಇಲ್ಲೇ ಹುಟ್ಟಿದವಳು, ಅವಳಿಗೆ ಯಾವ ತೊಂದರೆಯೂ ಇಲ್ಲ. ನಮ್ಮನೆಯಲ್ಲೂ ಅಷ್ಟೇ. ಮೂರು ಜನರಲ್ಲಿ ಅಮೇರಿಕನ್ ಅಂತ ಇರುವುದು ಒಬ್ಬಳೇ, ಅವಳಿಗೆ ಇನ್ನೂ ಶೂ ಲೇಸ್ ಕಟ್ಟಿಕೊಳ್ಳೋಕೆ ಬರಲ್ಲ.

ಇಷ್ಟೆಲ್ಲ ಹೇಳಿ ನನ್ನ ಹೆಂಡತಿಯ ವಿಷಯ ಹೇಳದಿದ್ದರೆ ಅವಳು ಇದನ್ನು ಓದಿ ಸುಮ್ಮನಿರಲ್ಲ. ಮದುವೆಗೆ ಮುಂಚೆ ಹಾಸನದಲ್ಲಿ ಪಿ.ಯು. ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದವಳು. 2013ರಲ್ಲಿ ಎಚ್-4 ವೀಸಾದಲ್ಲಿ ಬಂದಳು. ಎಚ್-4 ಅಂದರೆ ಇರಬಹುದು, ದುಡಿಯುವ ಹಾಗಿಲ್ಲ. ಎಂ.ಎಸ್ಸಿ. ಓದಿದವಳಿಗೆ ಫಾರಂ ತುಂಬುವಾಗಲೆಲ್ಲ 'ಡಿಪೆಂಡೆಂಟ್' ಅಂತ ಬರೆಯಬೇಕು. ಮೊದಲ ಚಳಿಗಾಲ, ಹೊರಗೆ ಮೊಣಕಾಲುದ್ದ ಹಿಮ, ನಾನು ಬೆಳಗ್ಗೆ ಹೋದರೆ ರಾತ್ರಿ ಬರೋದು. ಒಂದು ದಿನ ನಾನು ಬಂದಾಗ, "ರೀ, ಇವತ್ತು ಇಡೀ ದಿನ ನಾನು ಒಂದು ಮಾತೂ ಆಡಿಲ್ಲ, ಗಂಟಲು ಇದೆಯಾ ಅಂತ ಒಂದ್ಸಲ ಕೆಮ್ಮಿ ನೋಡ್ಕೊಂಡೆ" ಅಂದಳು. ನಗುತ್ತಲೇ ಅಂದಿದ್ದು. ನಾನೂ ನಕ್ಕೆ. ಆ ನಗು ತಪ್ಪು ಅಂತ ಗೊತ್ತಾಗೋಕೆ ನನಗೆ ಬಹಳ ದಿನ ಬೇಕಾಯಿತು.

2015ರಲ್ಲಿ ನಿಯಮ ಬದಲಾಗಿ, ಗ್ರೀನ್ ಕಾರ್ಡಿನ ಸಾಲಿನಲ್ಲಿ ಒಂದು ಹಂತ ದಾಟಿದವರ ಎಚ್-4 ಹೆಂಡತಿ ಅಥವಾ ಗಂಡನಿಗೆ ಕೆಲಸ ಮಾಡಲು ಅನುಮತಿ ಕೊಡೋಕೆ ಶುರು ಮಾಡಿದರು. ಅವಳಿಗೆ 2017ರಲ್ಲಿ ಬಂತು. ಒಂದು ಮಾಂಟೆಸ್ಸರಿ ಶಾಲೆಯಲ್ಲಿ ಸಹಾಯಕ ಟೀಚರ್. ಸಂಬಳ ದೊಡ್ಡದಲ್ಲ. ಮೊದಲ ಚೆಕ್ಕನ್ನು ಬ್ಯಾಂಕಿಗೆ ಹಾಕುವ ಮುಂಚೆ ಎರಡು ದಿನ ದೇವರ ಮುಂದೆ ಇಟ್ಟಿದ್ದಳು. ಆಮೇಲೆ ಅವಳ ಅಮ್ಮನಿಗೆ ಹತ್ತು ಸಾವಿರ ರೂಪಾಯಿ ಕಳಿಸಿದಳು, ನನ್ನನ್ನು ಕೇಳದೆ. ಕೇಳಬೇಕಾಗಿರಲಿಲ್ಲ ಅನ್ನುವುದೇ ಅವಳ ಅಮೇರಿಕನ್ ಡ್ರೀಮ್. ಆ ಅನುಮತಿಯನ್ನೂ ಕಿತ್ತುಹಾಕುತ್ತೇವೆ ಅಂತ 2019ರ ಹೊತ್ತಿಗೆ ಸರ್ಕಾರ ಎರಡು ವರ್ಷದಿಂದ ಹೇಳುತ್ತಲೇ ಇತ್ತು.

ಹಾಗಾಗಿ ಎಕ್ಸೆಲ್ ಶೀಟ್ ತೋರಿಸಿದಾಗ ಅವಳು ಮೊದಲು ಕೇಳಿದ್ದು ಬಡ್ಡಿಯ ವಿಷಯ ಅಲ್ಲ. "ರಿಜಿಸ್ಟ್ರೇಷನ್‌ನಲ್ಲಿ ನನ್ನ ಹೆಸರೂ ಇರತ್ತೆ ತಾನೇ?"

ಇನ್ನು ಊರಿಗೆ ಹೇಳುವುದು ಬಾಕಿ ಇತ್ತು. ಅದನ್ನು ಒಂದು ವಾರ ಮುಂದೂಡಿದೆ. ಯಾಕಂದರೆ ನಾನು ಬಂದಾಗಿನಿಂದ "ಇನ್ನೆರಡು ವರ್ಷ" ಅಂತಲೇ ಹೇಳಿಕೊಂಡು ಬಂದಿದ್ದೀನಿ. ಏಳು ವರ್ಷದಿಂದ ಇನ್ನೆರಡು ವರ್ಷ. ಮನೆ ಕೊಂಡೆ ಅಂದರೆ ಆ ಮಾತು ಸುಳ್ಳು ಅಂತ ನಾನೇ ಒಪ್ಪಿಕೊಂಡ ಹಾಗೆ.

ಅಪ್ಪ ಎಲ್ಲ ಕೇಳಿಸಿಕೊಂಡರು. ಹಿಂದುಗಡೆ ಪಂಪ್‌ಸೆಟ್ಟಿನ ಸದ್ದು.

"ಅಂಗಾರೆ ಇನ್ನ ಬರಾದಿಲ್ಲ ಅನ್ನು" ಅಂದರು.

"ಹಂಗಲ್ಲಪ್ಪ. ಬೇಕಂದ್ರೆ ಮಾರಿ ಬರಬಹುದು. ಆದ್ರೆ ಕೆಲಸ ಏನಾಗತ್ತೋ, ವೀಸಾ ಏನಾಗತ್ತೋ ಗೊತ್ತಿಲ್ಲ. ತಗೊಳ್ಳಲಾ ಬೇಡ್ವಾ ಅಂತ ತಿಳೀತಿಲ್ಲ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಾನು ಮೂರು ಬೋರ್ ಹಾಕಿಸ್ದೆ. ಎರಡು ಫೇಲಾಯ್ತು. ಮೂರನೇದು ಹಾಕಿಸುವಾಗ ನಿಮ್ಮವ್ವ ಬ್ಯಾಡ ಅಂತ ಅತ್ಲು. ನೀರು ಬೀಳ್ತದೆ ಅಂತ ಯಾರಾರ ಬರ್ಕೊಟ್ಟಿದ್ರಾ? ಅಂಗೈ ಮೇಲೆ ಕಾಯಿ ಇಟ್ಕಂಡು ನೀರು ನೋಡೋನು ಹೇಳ್ದ, ಹಾಕಿಸ್ದೆ."

"ಬಿತ್ತಲ್ಲ."

"ಬಿತ್ತು. ಬೀಳ್ದೆ ಇದ್ದಿದ್ರೆ ನಿನ್ನ ಓದ್ಸಕ್ಕೆ ಆಗ್ತಿರ್ಲಿಲ್ಲ, ಅಷ್ಟೆ. ಎಮ್ಮೆ ಕಾಯ್ಕಂಡು ಇಲ್ಲೇ ಇರ್ತಿದ್ದೆ, ನಮ್ಮ ಕಣ್ಣ ಮುಂದೆ." ಮತ್ತೆ ತಡೆದು, "ನಾನು ಮಾಡಿದ್ದು ಸರಿನೋ ತಪ್ಪೋ ನಂಗೂ ಗೊತ್ತಿಲ್ಲ. ನಿಂದು ನೀನೇ ನೋಡ್ಕ" ಅಂದರು. ಆಮೇಲೆ ಕೊಬ್ಬರಿ ರೇಟು ಮಾತಾಡಿದ್ವಿ.

ಇಷ್ಟರಲ್ಲಿ ಆಫೀಸಿನಲ್ಲಿ ಇನ್ನೊಂದು ಬೆಳವಣಿಗೆ. ನಮ್ಮ ಸಿಸ್ಟಂನ ಅರ್ಧ ಭಾಗವನ್ನು ಬೆಂಗಳೂರಿನ ಟೀಮಿಗೆ ಕೊಡುತ್ತಿದ್ದಾರೆ. ಎಂಟು ವಾರದ ಕೆ.ಟಿ., ಈ ಸಲ ಕೊಡಬೇಕಾದವನು ನಾನು. ನಮಗೆ ರಾತ್ರಿ ಒಂಬತ್ತೂವರೆ, ಅವರಿಗೆ ಬೆಳಗ್ಗೆ ಏಳು. ಔಟರ್ ರಿಂಗ್ ರೋಡಿನ ಆಫೀಸಿನಿಂದ ಒಬ್ಬ ಹುಡುಗ ಸೇರುತ್ತಾನೆ, ಇಪ್ಪತ್ತಾರು ವರ್ಷ, ಚಳ್ಳಕೆರೆ ಕಡೆಯವನು. ಚುರುಕು. ಎರಡನೇ ವಾರ ಸೆಷನ್ ಮುಗಿದ ಮೇಲೆ ಬೇರೆಯವರೆಲ್ಲ ಕಾಲ್ ಬಿಟ್ಟರೂ ಅವನು ಬಿಡಲಿಲ್ಲ. ಕನ್ನಡದಲ್ಲಿ, ಸ್ವಲ್ಪ ನಾಚಿಕೊಂಡು ಕೇಳಿದ, "ಸರ್, ಇದರಲ್ಲಿ ಆನ್‌ಸೈಟ್ ಚಾನ್ಸ್ ಇರುತ್ತಾ?"

ನನ್ನ ಕೆಲಸಕ್ಕೆ ಸದ್ಯಕ್ಕೆ ತೊಂದರೆ ಇಲ್ಲ ಅಂತ ಮ್ಯಾನೇಜರು ಹೇಳಿದ್ದಾರೆ. ಆ ಬಿಳಿಯನಿಗೂ ಬಹುಶಃ ಹಾಗೇ ಹೇಳಿದ್ದಿರಬೇಕು.

ಹುಡುಗನಿಗೆ ಏನು ಹೇಳಲಿ? ಬರಬೇಡ ಅನ್ನೋಕೆ ನನಗೇನು ಹಕ್ಕಿದೆ, ನಾನೇ ಬಂದು ಏಳು ವರ್ಷ ಕೂತಿರುವಾಗ? ಬಾ ಅನ್ನೋಕೂ ಬಾಯಿ ಬರಲಿಲ್ಲ. ಅವನ ಮನೆಯಲ್ಲೂ ಯಾರೋ ಯಾರ ಹತ್ತಿರವೋ ಮುಂಗಡ ತಗೊಂಡೇ ಓದಿಸಿರುತ್ತಾರೆ. ಕೊನೆಗೆ ಇದ್ದಿದ್ದನ್ನು ಇದ್ದ ಹಾಗೆ ಹೇಳಿದೆ. ವೀಸಾ ಲಾಟರಿ, ವರ್ಷಕ್ಕೆ 85,000 ಮಾತ್ರ, ಆಮೇಲೆ ಈ ಸರತಿ, ಮದುವೆಯಾದರೆ ಹೆಂಡತಿಯ ಕೆಲಸದ ಕಥೆ, 60 ದಿನದ ಕಥೆ. ಅರ್ಧ ಗಂಟೆ ಮಾತಾಡಿದೆ. ಅವನು ಎಲ್ಲ ಕೇಳಿ, "ಥ್ಯಾಂಕ್ಸ್ ಸರ್. ಆದ್ರೂ ಚಾನ್ಸ್ ಬಂದ್ರೆ ನನ್ನ ಹೆಸರು ಹೇಳಿ ಸರ್" ಅಂದ. ಅವನ ವಯಸ್ಸಿನಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ. ಹೇಳ್ತೀನಿ ಅಂದೆ.

ಮನೆಯ ವಿಷಯ ಕೇಳ್ತೀರಾ? ಅದು ಹೋಯಿತು. ನಾವು ಯೋಚನೆ ಮಾಡುತ್ತಿರುವಾಗಲೇ ಯಾರೋ ಹೆಚ್ಚಿಗೆ ದುಡ್ಡು ಕೊಟ್ಟು ತಗೊಂಡರು. ಏಜೆಂಟ್ ಹೆಂಗಸು ಬೇಜಾರು ಮಾಡಿಕೊಳ್ಳದೆ ಇನ್ನೂ ನಾಲ್ಕು ಮನೆಯ ಫೋಟೋ ಕಳಿಸಿದ್ದಾಳೆ. ಸದ್ಯಕ್ಕೆ ಅಪಾರ್ಟ್‌ಮೆಂಟಿನ ಬಾಡಿಗೆ ಒಪ್ಪಂದವನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿದ್ದೇವೆ. ಡಿಸೆಂಬರಿನಲ್ಲಿ ಏನಾದರಾಗಲಿ ಊರಿಗೆ ಹೋಗಿ ಬರುವುದು, ಸ್ಟ್ಯಾಂಪಿಂಗ್ ಆದ ಹಾಗೆ ಆಗಲಿ ಅಂತ ಟಿಕೆಟ್ ಮಾಡಿಸಿದ್ದೇವೆ. ಅದು ನನ್ನ ಹೆಂಡತಿಯ ತೀರ್ಮಾನ, ಅವಳ ದುಡ್ಡಿನಲ್ಲಿ. ಮಗಳು ಮಾತ್ರ ಕಿಟಕಿ ಪಕ್ಕದ "ನನ್ನ ರೂಮು" ಎಲ್ಲಿ ಅಂತ ದಿನಾ ಕೇಳುತ್ತಿದ್ದಾಳೆ.

ಆ ಪೆನ್ಸಿಲ್ ನೋಟ್‌ಬುಕ್ಕನ್ನು ಮೊನ್ನೆ ಒಂದೊಂದೇ ಪುಟ ಸ್ಕ್ಯಾನ್ ಮಾಡಿ ಚಳ್ಳಕೆರೆ ಹುಡುಗನಿಗೆ ಕಳಿಸಿದೆ. ಮೊದಲ ಪುಟದಲ್ಲಿ ಬರೆದವನ ಹೆಸರಿದೆ. ಅದನ್ನು ಹಾಗೇ ಬಿಟ್ಟಿದ್ದೀನಿ.